ಫಾರ್ಸಿ ಮಾಸ್ತರು ಬಯಲಿಗಿಳಿದದ್ದು

ನಾನು ಎಲ್ಲಿ ಸುಮ್ಮನೆ ನಿಂತರೂ ಅಲ್ಲೊಂದು ಫಜೀತಿ ನನ್ನನ್ನು ಹುಡುಕಿಕೊಂಡು ಬರುತ್ತದೆ. ಆಟದ ಬಯಲಿಗಂತೂ ಅದು ನನಗಿಂತ ಮೊದಲೇ ಬಂದು ಕೂತಿರುತ್ತಿತ್ತು.

ನೌಕರಿ ಉಳಿದದ್ದು

ನಿಜಾಮರ ರಾಜ್ಯ ಹೋಗಿ ಇನ್ನೂ ಎಲ್ಲವೂ ಅಯೋಮಯವಾಗಿದ್ದ ಕಾಲ. ಶಹಾಪುರದ ಶಾಲೆಯಲ್ಲಿ ನಾನು ಫಾರ್ಸಿ ಕಲಿಸುತ್ತಿದ್ದೆ. ಒಂದು ದಿನ ನೋಡಿದರೆ ನನ್ನ ವರ್ಗದಲ್ಲಿ ಹುಡುಗರೇ ಇಲ್ಲ. ಎಲ್ಲರೂ ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಯುತ್ತಿದ್ದರು. ಹೆಡ್‌ಮಾಸ್ತರರು ಕರೆದು, "ಫಾರ್ಸಿ ಖತಂ ಆತ್ರಿ. ಡ್ರಿಲ್ ಮಾಸ್ತರ ಜಾಗಾ ಖಾಲಿ ಅದ, ಬರ್ತೀರೇನು?" ಅಂದರು.

"ನನಗ ಓಡಾಕ ಬರಂಗಿಲ್ಲಲ್ರಿ."

"ಓಡೋರು ಹುಡುಗರು. ನೀವು ಸೀಟಿ ಊದ್ರಿ."

ಆದರೆ ಆ ಹುದ್ದೆ ಹಂಗಾಮಿ. ವರ್ಷದ ಕೊನೆಗೆ ಗುಲ್ಬರ್ಗದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಆಟ ನೋಡುತ್ತಾರೆ. ಮನಸ್ಸಿಗೆ ಬಂದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ಈ ಸುದ್ದಿ ಹೇಳಿದೆ. ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೀಟಿನರ ಊದಾಕ ಬರ್ತದೇನು?" ಎಂದು ಕೇಳಿದಳು.

ಹಿಂದಕ್ಕೆ ಓಟ

ಕೆಂಭಾವಿ ಕಡೆಯಿಂದ ಬಂದಿದ್ದ ಕುರಿ ಕಾಯುವ ಮನೆಗಳ ಮಕ್ಕಳು ಆ ವರ್ಷ ಹೊಸದಾಗಿ ಶಾಲೆಗೆ ಸೇರಿದ್ದರು. ಮೇಕೆಗಿಂತ ಚುರುಕಾಗಿ ಗುಡ್ಡ ಹತ್ತುವ ಚಿಳ್ಳೆಪಿಳ್ಳೆಗಳು. ಇವರಿಂದಲೇ ನನ್ನ ನೌಕರಿ ಉಳಿಯುತ್ತದೆಂದು ಖುಷಿಯಾಗಿ ಗೆರೆ ಎಳೆದು ನಿಲ್ಲಿಸಿ ಸೀಟಿ ಊದಿದೆ.

ನಾಲ್ಕು ಹೆಜ್ಜೆ ಓಡಿದವರು ಆಚೀಚೆ ನೋಡಿಕೊಂಡು ನಿಧಾನ ಮಾಡಿದರು. ಒಬ್ಬ ಹಿಂದಾದರೆ ಇನ್ನೊಬ್ಬ ಅವನಿಗಿಂತ ಹಿಂದೆ. ಅವನ ಹಿಂದೆ ಮತ್ತೊಬ್ಬ. ಹೀಗೆ ಹಟದಿಂದ ಹಿಂದೆ ಸರಿಯುತ್ತ ಸರಿಯುತ್ತ ಎಲ್ಲರೂ ಹೊರಟ ಗೆರೆಗೇ ವಾಪಸು ಬಂದು ನಿಂತರು.

"ಯಾಕ್ರೋ, ಯಾರೂ ಮುಂದ ಹೋಗವಲ್ರಿ?"

"ಮುಂದ ಹೋಗೋವು ಕುರಿ ರೀ ಮಾಸ್ತರ. ಕಾಯೋರು ಹಿಂದ ಇರಬೇಕು."

ಹೇಳಿದ್ದು ಸರಿಯೇ ಅನ್ನಿಸಿ ನನಗೆ ತಲೆ ಗಿರ್ರೆಂದಿತು. ಕೊನೆಗೆ, "ಹಂಗಾರ ನಾನಽ ಕುರಿ ಅಂತ ತಿಳೀರಿ, ಬರ್ರಿ ಹಿಂದ" ಎಂದು ನಾನೇ ಮುಂದೆ ಓಡಿದೆ. ಅಬ್ಬಾ, ಏನು ಓಟ ಅವರದು! "ಹುರ್ರ್ ಹುರ್ರ್" ಎನ್ನುತ್ತ ಎಡಕ್ಕೂ ಬಲಕ್ಕೂ ತಿರುಗಗೊಡದೆ ನನ್ನನ್ನು ಬಯಲು ದಾಟಿಸಿ, ದನಗಳ ನೀರಿನ ತೊಟ್ಟಿಯ ಮುಂದೆ ನಿಲ್ಲಿಸಿದರು. ನಾನು ಏದುಸಿರು ಬಿಡುತ್ತಿದ್ದೆ. ಎಲ್ಲರಿಗಿಂತ ಸಣ್ಣವನು ಪ್ರೀತಿಯಿಂದ ಬೆನ್ನು ತಟ್ಟಿ, "ಕುಡೀರಿ" ಅಂದ.

ನಿಂಬೆಹಣ್ಣು

ಚಮಚದಲ್ಲಿ ನಿಂಬೆಹಣ್ಣಿಟ್ಟು, ಚಮಚ ಬಾಯಲ್ಲಿ ಕಚ್ಚಿ ನಡೆಯುವ ಸ್ಪರ್ಧೆ. ಹಣ್ಣು ಬಿದ್ದರೆ ಆಟದಿಂದ ಹೊರಗೆ ಎಂಬ ನಿಯಮವನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ಗೊತ್ತಿದ್ದರೆ ತಾನೆ ಹೇಳುವುದು? ಒಂದನೇ ಇಯತ್ತೆಯ ಹುಡುಗಿಯೊಬ್ಬಳು ಹಣ್ಣು ಬಿದ್ದಾಗೆಲ್ಲ ಎತ್ತಿಕೊಂಡು, ಲಂಗಕ್ಕೆ ಒರೆಸಿ, ಮತ್ತೆ ಮೊದಲಿಂದ ಹೊರಡುತ್ತಿದ್ದಳು. ಬಹುಮಾನ ಕೊಟ್ಟದ್ದಾಯಿತು, ಗಂಟೆ ಬಾರಿಸಿದ್ದಾಯಿತು, ಹುಡುಗರೆಲ್ಲ ಮನೆಗೆ ಹೋದದ್ದೂ ಆಯಿತು. ಅವಳು ನಡೆಯುತ್ತಲೇ ಇದ್ದಳು. ಬಿಟ್ಟು ಹೋಗಲು ಮನಸ್ಸು ಬಾರದೆ ನಾನು ಕಟ್ಟೆಯ ಮೇಲೆ ಕೂತೆ.

ಅಂತೂ ಗೆರೆ ದಾಟಿ ಚಮಚ ತೆಗೆದು ಕೇಳಿದಳು: "ನಾ ಗೆದ್ನೇನ್ರಿ?"

"ಎಲ್ಲಾರೂ ಮನಿಗೆ ಹೋಗ್ಯಾರಲ್ಲವ್ವ."

ಅವಳು ಖಾಲಿ ಬಯಲನ್ನೊಮ್ಮೆ ನೋಡಿ ಖುಷಿಯಿಂದ ಅಂದಳು: "ನನಗ ಅಂಜಿ ಓಡಿ ಹೋಗ್ಯಾರ!"

ಸಾಹೇಬರ ಪಾಳಿ

ಇನ್‌ಸ್ಪೆಕ್ಟರ್ ಸಾಹೇಬರು ಬಂದೇ ಬಂದರು. ಭಾರಿ ಆಳು, ಅವರಿಗಿಂತ ಮುಂದೆ ಅವರ ಹೊಟ್ಟೆ. ಎರಡು ಕಂಬದ ನಡುವೆ ಬಿದಿರು ಇಟ್ಟು ಮಕ್ಕಳು ಎತ್ತರ ಜಿಗಿಯುತ್ತಿದ್ದರು. ಸಾಹೇಬರು ನೋಡಿ, "ಮಾಸ್ತರೇ, ಮೊದಲು ನೀವು ಹಾರಿ. ಕಾಯಂ ಆಗೋ ಡ್ರಿಲ್ ಮಾಸ್ತರರಿಗೆ ಇಷ್ಟಾದರೂ ಬರಬೇಕು" ಅಂದರು.

ಹಾರಿದೆ. ಬಿದಿರಿನ ಸಮೇತ ಬಿದ್ದೆ. ಮತ್ತೆ ಹಾರಿದೆ, ಮತ್ತೆ ಬಿದ್ದೆ. ಸಾಹೇಬರು ತಲೆ ಅಲ್ಲಾಡಿಸಿದರು. ಮುಗಿಯಿತು ನನ್ನ ನೌಕರಿ ಎಂದು ಅಳು ಬಂದು ಮಣ್ಣಿನಲ್ಲೇ ಕೂತೆ. ಆದರೆ ಮಕ್ಕಳು ಬಿದಿರು ಎತ್ತಿಟ್ಟು, "ಏಳ್ರಿ ಮಾಸ್ತರ, ಪಾಳಿ ಮುಗದಿಲ್ಲ" ಎಂದು ಕೂಗಿದರು. ನಮ್ಮ ಬಯಲಿನಲ್ಲಿ ಹಾರುವವರು ಬಿದಿರು ದಾಟುವವರೆಗೂ ಅವರದೇ ಪಾಳಿ. ಮಕ್ಕಳ ಮುಖದಲ್ಲಿ ನಗುವಿರಲಿಲ್ಲ, ಕನಿಕರವೂ ಇರಲಿಲ್ಲ. ಬೀಳುವುದೂ ಆಟದ್ದೇ ಒಂದು ಭಾಗ ಅನ್ನುವಂತೆ ಕಾಯುತ್ತಿದ್ದರು. ನನ್ನ ನಾಚಿಕೆ ಅದೆಲ್ಲಿ ಹೋಯಿತೋ, ಧೋತರದ ಕಚ್ಚೆ ಬಿಗಿದು ಎದ್ದೆ. ಬೀಳುತ್ತ, ಏಳುತ್ತ, ಕೊನೆಗೊಮ್ಮೆ ಹೇಗೋ ಆಚೆ ಬಿದ್ದೆ. ಬಿದಿರು ಮೇಲೇ ಇತ್ತು! ಮಕ್ಕಳಿಗಿಂತ ಜೋರಾಗಿ ನಾನೇ ಕೇಕೆ ಹಾಕಿದೆ.

ಸಾಹೇಬರು ಮಾತ್ರ ಕಾಯಂ ಮಾತೆತ್ತದೆ ಗಡಿಯಾರ ನೋಡಿಕೊಂಡರು. ಯಾದಗಿರಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಮಕ್ಕಳು ದಾರಿಗೆ ಅಡ್ಡ ನಿಂತರು.

"ಈಗ ನಿಮ್ಮ ಪಾಳಿರಿ ಸಾಹೇಬ್ರ."

ನಕ್ಕು ನೋಡಿದರು, ಗದರಿ ನೋಡಿದರು. ಒಬ್ಬರೂ ಕದಲಲಿಲ್ಲ. ಕೊನೆಗೆ ಸಾಹೇಬರೇ ಬೂಟು ಕಳಚಿ ಒಮ್ಮೆ ಜಿಗಿದರು. ಬಿದಿರು ಬಿತ್ತು, ಮಕ್ಕಳು ಎತ್ತಿಟ್ಟರು. ಮತ್ತೆ ಬಿತ್ತು, ಮತ್ತೆ ಎತ್ತಿಟ್ಟರು. ಬಸ್ಸಿನ ಹಾರ್ನ್ ಕೇಳಿಸಿತು. "ಸ್ವಲ್ಪ ಇಳಿಸ್ರಪ್ಪ" ಎಂದರು. "ಮಾಸ್ತರಿಗೂ ಇಳಿಸಿಲ್ಲರಿ" ಎಂದರು ಮಕ್ಕಳು.

ಸಾಹೇಬರು ಬೆವರು ಒರೆಸಿಕೊಳ್ಳುತ್ತ ನನ್ನ ಕೈ ಹಿಡಿದರು. "ಮಾಸ್ತರೇ, ನಿಮ್ಮನ್ನು ಈಗಲೇ ಕಾಯಂ ಮಾಡ್ತೀನಿ. ಇವರಿಂದ ನನ್ನನ್ನು ಬಿಡಿಸಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳು ಬಿದಿರು ಮತ್ತೆ ಎತ್ತಿಟ್ಟು ಕೂಗಿದರು:

"ಕಾಯಂ ಆಮ್ಯಾಲ ಮಾಡ್ರಿ ಸಾಹೇಬ್ರ, ಮೊದಲ ಹಾರ್ರಿ!"