ಮೂರ ಮನಿ ಹಿತ್ತಲ, ಒಂದ ಕುಂಬಳಕಾಯಿ

ಹಿತ್ತಲ ಒಂದಾಗಿ ಒಲಿ ಮೂರಾದ್ರ ಅಲ್ಲಿ ನಗಿಗೇನ ಬರಗಾಲ ಇರೂದಿಲ್ಲ, ದಿನಾ ಒಂದಿಲ್ಲೊಂದ ಹುಟ್ಟತಾವು. ನಾ ಬೈಲಹೊಂಗಲದ ಕನ್ನಡ ಸಾಲ್ಯಾಗ ಮಾಸ್ತರ ಇದ್ದಾಗ ಒಂದ ಹಳೇ ವಾಡೇದಾಗ ಬಾಡಿಗಿಗಿ ಇದ್ನಿ. ಹಿಂದಿನ ಅಂಗಳದ ಸುತ್ತ ಮೂರ ಬಿಡಾರ. ಒಂದರಾಗ ನಾನು, ನನ್ನ ಹೆಂಡ್ತಿ. ಇನ್ನೊಂದರಾಗ ಕಚೇರಿ ಕಾರಕೂನರು ಒಬ್ಬರು. ಮೂಲ್ಯಾಗಿನ ಖೋಲ್ಯಾಗ ಹಿಂದ ಮುಂದ ಯಾರೂ ಇಲ್ಲದ ಒಬ್ಬ ಮುದುಕಿ, ಎಲ್ಲಾರೂ ಆಕಿಗಿ ಆಯಿ ಅಂತಿದ್ದಿವಿ. ಹಿತ್ತಲ ಮೂವರಿಗೂ ಕೂಡಿ. ನಾಕ ಹೊರಸ ಹಾಕಿದ್ರ ತುಂಬಿ ಹೋಗೂವಷ್ಟು.

ನಮ್ಮ ಮಾವನವರು ದೊಡವಾಡದಾಗ ಎರಿ ಹೊಲ ಮಾಡೂ ಒಕ್ಕಲಿಗರು. ಯುಗಾದಿಗಿ ಬಂದವರು ಮಗಳ ಮಾರಿ ನೋಡಿ, "ಮಾಸ್ತರ, ಇಲ್ಲಿ ಹಸರ ಪಲ್ಲೆ ಕಾಣದ ನಮ್ಮ ಹುಡುಗಿ ಸೊರಗ್ಯಾಳ. ನಾಗರ ಪಂಚಮಿಗಿ ಕರಕೊಂಡ ಹೋದ್ರ ದೀಪಾವಳಿ ಮುಗದ ಮ್ಯಾಲನ ಕಳಸತೇನಿ" ಅಂದ್ರು. ಮೂರ ತಿಂಗಳ ಕೈ ಸುಟಗೊಂಡ ರೊಟ್ಟಿ ಬಡಿಯೂದ ಒಂದ ಕಡೆ ಇರ್ಲಿ, ಆಕಿ ಇಲ್ಲದ ಮನಿ ನನಗ ಮನೀನ ಅಲ್ಲ. ಆದ್ರೂ ಮೀಸಿ ತಿರುವಿ ಅಂದ್ನಿ, "ಪಂಚಮಿಗಿ ಕರಿಯಾಕ ಬರ್ರಿ. ನಾನ ಬೆಳದ ಕಾಯಿಪಲ್ಲೆ ಉಣಸತೇನಿ. ಉಣಿಸಿದ್ರ ಎಂಟ ದಿನದಾಗ ಆಕಿನ್ನ ತಿರುಗಿ ಕಳಸಬೇಕು."

"ಹಲಗಿ ಮ್ಯಾಲ ಸೀಮಿಸುಣ್ಣ ಎಳಿಯೂ ಕೈ," ಅಂತ ನಕ್ಕು ಅವರು ಹೂಂ ಅಂದ್ರು. ಮರುದಿನಾನ ನಾ ಕುಂಬಳ ಬೀಜ ಊರಿದ್ನಿ.

ಜಳಕದ ನೀರು

ವಾಡೇದ ಮಾಲಕರದು ಒಂದ ಕಟ್ಟಪ್ಪಣಿ ಇತ್ತು. ಬ್ಯಾಸಗ್ಯಾಗ ಬಾವಿ ನೀರು ಕುಡಿಯಾಕ, ಜಳಕಕ್ಕ ಅಷ್ಟ. ಗಿಡಕ್ಕ ಒಂದ ಕೊಡ ಹಾಕಿದ್ರೂ ಬಿಡಾರ ಖಾಲಿ ಮಾಡ್ರಿ. ಹಂಗಾಗಿ ಹಿತ್ತಲಕ್ಕ ಬಚ್ಚಲ ನೀರ ಗತಿ. ಮೂರ ಮನಿಗೂ ಕೂಡಿ ಒಂದ ಬಚ್ಚಲ, ಅದರಿಂದ ಹೊರಗ ಒಂದ ಸಣ್ಣ ಕಾಲಿವಿ. ನಾ ಒಳಗ ಜಳಕ ಮಾಡೂದರಾಗ ಕಾರಕೂನರು ಮಣ್ಣ ಸರಿಸಿ ನೀರೆಲ್ಲಾ ತಮ್ಮ ಬದನಿ ಸಾಲಿಗಿ ತಿರುವಿಬಿಟ್ಟಿದ್ರು.

"ಕಾರಕೂನರ, ನಾ ಜಳಕ ಮಾಡಿದ ನೀರು ನಿಮ್ಮ ಬದನಿಗಿ ಹೆಂಗ ಹೋತ್ರಿ?"

"ನೀರಿನ ಮ್ಯಾಲ ನಿಮ್ಮ ಹೆಸರ ಬರದದ್ದು ಕಾಣಲಿಲ್ಲ ಮಾಸ್ತರ."

ನಾ ಬಿಡೂ ಮನಷ್ಯಾ ಅಲ್ಲ. ಮರುದಿನ ಎರಡ ಸಲ ಜಳಕ ಮಾಡಿದ್ನಿ, ಹೆಂಡ್ತಿನ್ನ ಕಾಲಿವಿ ಕಾಯಾಕ ನಿಂದರಿಸಿದ್ನಿ. ಕಾರಕೂನರು ಮಡಿ ನೆವ ಹೇಳಿ ಮೂರ ಸಲ ಮಾಡಿದ್ರು. ಮಾಲಕರು ಬಂದು, "ಏನ್ರಿ ಇದು, ಹೊತ್ತಹೊತ್ತಿಗಿ ಜಳಕಾ?" ಅಂತ ಕೇಳಿದ್ರು. "ಜಳಕಕ್ಕ ಅಪ್ಪಣಿ ನೀವ ಕೊಟ್ಟೀರಲ್ರಿ," ಅಂದ್ನಿ. ಊರ ಮಂದಿ ಆ ಬಿಸಲಾಗ ಬೆವರ ಒರಸಕೋತ ತಿರುಗತಿದ್ರ, ನಾನು ಕಾರಕೂನರು ಮೂಗ ಒರಸಕೋತ ತಿರುಗತಿದ್ದಿವಿ.

ಬೆರಳ ಮಡಚ್ರಿ

ಮಳಿ ಬಿದ್ದ ಮ್ಯಾಲ ಬಳ್ಳಿ ಆಯಿ ಖೋಲಿ ಮಾಳಗಿ ಮ್ಯಾಲ ಹಬ್ಬಿತು. ಆದ್ರ ಮೂರ ಹೀಚ ಕೊಳತ ಬಿದ್ದು, ಒಂದ ಉಳೀತು. "ಕಾರಕೂನರು ಬೆರಳ ಮಾಡಿ ತೋರಿಸ್ಯಾರ, ಅದಕ್ಕ ಕೊಳತಾವು," ಅಂದ್ಲು ಆಯಿ. ಹೀಚಿಗಿ ಬೆರಳ ತೋರಿಸಿದ್ರ ಕೊಳೀತಾವು ಅಂಬೂದು ನಮ್ಮ ಕಡೆ ಕೂಸಿಗೂ ಗೊತ್ತು. ಅವತ್ತಿನಿಂದ ನನ್ನ ಹೆಂಡ್ತಿ ಕಾಯ್ದೆ ಮಾಡಿದ್ಲು: ತೋರಸೂದಿದ್ರ ಬೆರಳ ಮಡಚಿ, ಮೊಳಕೈಲೆ ತೋರಸ್ರಿ. ಹದಿನೈದ ದಿನದಾಗ ನನಗದು ರೂಢಿ ಆಗಿಹೋತು.

ಆಗ ಸಾಲಿ ತಪಾಸಣಿಗಿ ಸಾಹೇಬರು ಬಂದ್ರು. "ಮಾಸ್ತರ, ನಕಾಶಾದಾಗ ಬೆಳಗಾವಿ ತೋರಸ್ರಿ," ಅಂದ್ರು. ನಾ ದಿಟ್ಟಾಗಿ ಹೋಗಿ ಮೊಳಕೈ ಎತ್ತಿ ತೋರಿಸಿದ್ನಿ.

"ಕೈಗೇನಾಗೇತ್ರಿ?"

ಗಾಬರ್ಯಾಗ ಬಾಯಿಗಿ ಬಂದದ್ದ ಹೇಳಿಬಿಟ್ನಿ, "ಏನಿಲ್ರಿ ಸಾಹೇಬರ, ಬೆರಳ ಮಾಡಿದ್ರ ಕೊಳೀತೈತ್ರಿ."

ಗಂಡಸರ ಕೈ

ಪಂಚಮಿ ಇನ್ನ ನಾಕ ದಿನ ಇತ್ತು. ಉಳದ ಒಂದ ಕಾಯಿ ಹಣ್ಣಾಗಿ ಕೊಡದಷ್ಟ ದಪ್ಪ ಆಗಿತ್ತು. ಕಾರಕೂನರು ಕೆಲಸದ ಮ್ಯಾಲ ಸವದತ್ತಿಗಿ ಹೋಗಿದ್ರು. ಮಾವನವರ ಚಕ್ಕಡಿ ಬಾಗಲಿಗಿ ಬಂತು. ಕೈಕಾಲಿಗಿ ನೀರು ಸೈತ ಕೊಡದ, "ಬರ್ರಿ, ಮೊದಲ ಬೆಳಿ ನೋಡ್ರಿ," ಅಂತ ಎದಿ ಉಬ್ಬಿಸಿ ಹಿತ್ತಲಕ್ಕ ಕರಕೊಂಡ ಹೋದ್ನಿ.

ಬಳ್ಳಿ ಇತ್ತು, ಕಾಯಿ ಇರಲಿಲ್ಲ. ತೊಟ್ಟ ಹಸೇದ ಐತಿ, ಈಗರೇ ಕೊಯ್ದಂಗ.

"ಮುಂಜಾನಿ ಇತ್ರಿ," ಅಂದ್ನಿ.

"ಇದ್ದೀತು," ಅಂದ ಮಾವನವರು ಒಳಗ ಹೋಗಿ ಮಗಳಿಗಿ, "ಗಂಟ ಕಟ್ಟವಾ, ಸೀರಿ ಎಲ್ಲಾ ತುಗೋ," ಅಂದ್ರು. ಆಕಿ ಕಣ್ಣಾಗ ನೀರ ತಂದಕೊಂಡ ನನ್ನ ಮಾರಿ ನೋಡಿದ್ಲು.

ಅಷ್ಟರಾಗ ಆಯಿ ಬಂದ್ಲು. ಒಂದ ಕೈಯಾಗ ಕುಡಗೋಲ, ಸೆರಗಿನ ತೆಳಗ ದೊಡ್ಡದೊಂದ ಉಬ್ಬ.

"ಮಾಸ್ತರ, ಇಡೀ ಕುಂಬಳಕಾಯಿ ಹೆಂಗಸರು ಒಡಿಯಬಾರದಪಾ, ಮೊದಲನೇ ಪೆಟ್ಟ ಗಂಡಸರದ ಬೀಳಬೇಕು. ನನ್ನ ಮನ್ಯಾಗ ಯಾವ ಗಂಡಸ ಅದಾನ? ಕಾರಕೂನರೂ ಊರಾಗಿಲ್ಲ. ಇದನ್ನೊಂದೀಟ ಒಡದ ಕೊಡು," ಅಂತ ಸೆರಗ ಸರಿಸಿ ಕಾಯಿ ನನ್ನ ಕಾಲಾಗ ಇಟ್ಲು.

"ಆಯಿ, ಇದನ್ನ ಎಲ್ಲಿ ತಂದಿ?"

"ನಿನ್ನ ಬಳ್ಳ್ಯಾಗ ಕೊಯ್ದೇನಿ. ಮಾಳಗಿ ನಂದಲ್ಲೇನು? ಒಬ್ಬಾಕೀಗಿ ಅರ್ಧಾ ಸಾಕು. ಉಳದ ಅರ್ಧಾ ನೀನ ಇಟ್ಕೋ, ಪಾಪ, ಬೀಗರು ಬಂದಾರ."

ನನ್ನ ಕಾಯಿ ನನಗ ದಾನಾ ಬಂತು. ಮಾವನವರು ಇದನ್ನೆಲ್ಲಾ ಕೇಳಿ ಮೀಸ್ಯಾಗ ನಗಕೋತ ಹೊರಗ ಬಂದ್ರು, ಆದ್ರೂ ಒಕ್ಕಲಿಗರಲ್ಲಾ, ಸುಮ್ಮನ ಒಪ್ಪೂವರಲ್ಲ.

"ಆಯಿ, ಇದು ಸಂತ್ಯಾಗ ತಂದದ್ದಲ್ಲ, ನಮ್ಮ ಅಳಿಯಾ ಬೆಳದದ್ದ ಅಂತ ಏನ ಖಾತ್ರಿ?"

ಆಯಿ ಸೊಂಟದ ಮ್ಯಾಲ ಕೈ ಇಟ್ಟ ಅಂದ್ಲು, "ಕದ್ದಾಕಿ ನಾನ, ಬೀಗರ. ನನಗ ಗೊತ್ತಿಲ್ಲದ ಮತ್ಯಾರಿಗಿ ಗೊತ್ತಿರತೈತ್ರಿ?"