ಕಾರಿಗೆ ಕಟ್ಟಿದ ಖಾರಪುಡಿ

ಜಗತ್ತಿನ ಯಾವ ತೊಂದರೆಗೂ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಪರಿಹಾರ ಇದ್ದೇ ಇದೆ ಎಂದು ನಂಬಿದವನು ನಾನು. ನೆಗಡಿಯಾದರೆ ಖಾರದ ಸಾರು, ದೃಷ್ಟಿಯಾದರೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ, ಬೀಗರು ಜಾಸ್ತಿ ದಿನ ಉಳಿದರೆ ಬೆಳಬೆಳಗ್ಗೆ ಘಾಟು ಒಗ್ಗರಣೆ. ಬ್ಯಾಡಗಿಯಲ್ಲಿ ಹುಟ್ಟಿ ಇಷ್ಟೂ ನಂಬದಿದ್ದರೆ ಹೇಗೆ? ಹಾಗಾಗಿ ಹೋದ ಮಳೆಗಾಲದಲ್ಲಿ ನನ್ನ ಹಳೇ ಕಾರಿನ ಬಾನೆಟ್ಟಿನೊಳಗೆ ಇಲಿಗಳು ಸಂಸಾರ ಹೂಡಿ ವೈರು ಕಡಿಯತೊಡಗಿದಾಗ, ಹೆಂಡತಿ ಶಾರದಾ "ನುಸಿಗುಳಿಗಿ ಇಡ್ರಿ, ಸಾಕು" ಎಂದದ್ದು ನನಗೆ ರುಚಿಸಲಿಲ್ಲ. ತೆಳ್ಳನೆಯ ಬಟ್ಟೆಯಲ್ಲಿ ಹೊಸ ಖಾರಪುಡಿ ಗಂಟು ಕಟ್ಟಿದೆ. ಎಂಜಿನ್ನಿನ ಪಕ್ಕ ಯಾವುದೋ ಕೊಳವೆಯ ಬಾಯಿ ಕಂಡಿತು. ಅದರ ಮಗ್ಗುಲಲ್ಲೇ ಗಂಟು ಸಿಕ್ಕಿಸಿ, ಮೀಸೆ ತಿರುವಿ, ಆಮೇಲೆ ಮರೆತೂಬಿಟ್ಟೆ.

ಮೊನ್ನೆ ಹಾವೇರಿಗೆ ಹೊಗೆ ತಪಾಸಣೆಗೆ ಹೋದೆ. ಅಲ್ಲಿಯ ಹುಡುಗಿ ಸೈಲೆನ್ಸರಿಗೆ ನಳಿಗೆ ತೂರಿಸಿ, ಕಂಪ್ಯೂಟರ್ ನೋಡಿ, "ಫೇಲ್ ಐತ್ರಿ ಸರ" ಅಂದಳು. ಮಾಸ್ತರಿಕೆ ಮಾಡಿದ ನಾನು ಆ ಮಾತನ್ನು ಇನ್ನೊಬ್ಬರಿಗೆ ಹೇಳಿ ರೂಢಿಯೇ ಹೊರತು ಕೇಳಿ ರೂಢಿಯಿಲ್ಲ. "ಅಂಚಿನ್ಯಾಗ ಇದ್ರ ಗ್ರೇಸ್ ಮಾರ್ಕ್ಸ್ ಏನಾರ..." ಎಂದೆ. "ಹೊಗಿಗೆ ಗ್ರೇಸ್ ಇಲ್ರಿ ಸರ" ಅಂದಳು. ಪೆಟ್ರೋಲನ್ನು ಬೈದೆ, ರಸ್ತೆಯ ಧೂಳನ್ನು ಬೈದೆ, ಅವಳ ಯಂತ್ರವನ್ನು ಮನಸ್ಸಿನಲ್ಲೇ ಬೈದೆ.

ಮನೆಯಲ್ಲಿ ಶಾರದಾ ತೀರ್ಪು ಕೊಟ್ಟಳು: "ರಾಣೆಬೆನ್ನೂರಿಗೆ ಒಯ್ರಿ, ನಮ್ಮ ಈರಣ್ಣ ನೋಡ್ಲಿ. ಅಲ್ಲೂ ಸುಧಾರ್ಸಲಿಲ್ಲಂದ್ರ ಸೀದಾ ಗುಜರಿಗೆ ಹಾಕ್ಬರ್ರಿ." ಈರಣ್ಣ ಅವಳ ತಮ್ಮ, ಗ್ಯಾರೇಜು ಇಟ್ಟವನು. ನನ್ನ ಕಾರು ಕಂಡಾಗಲೆಲ್ಲ ಸತ್ತವರ ಮನೆಗೆ ಬಂದವನ ಹಾಗೆ ಮುಖ ಮಾಡುತ್ತಾನೆ. ಗುಜರಿ ಎಂದದ್ದಕ್ಕೆ ನನಗೆ ಅಳುವೇ ಬಂತು. ನಮ್ಮ ಮನೆಯಲ್ಲಿ ಎಡಕ್ಕೆ ತಿರುಗು ಎಂದರೆ ಎಡಕ್ಕೆ ತಿರುಗುವುದು ಆ ಕಾರೊಂದೇ. ಹೋಗುವ ದಾರಿಯಲ್ಲಿ ಕದರಮಂಡಲಗಿಯ ಹನುಮಪ್ಪನಿಗೆ ಕೈ ಮುಗಿದು, "ಗಾಳಿಯ ಮಗ ನೀನು, ಈ ಹೊಗೆಯ ವಿಚಾರ ನಿನಗೇ ಸೇರಿದ್ದು" ಎಂದು ಒಪ್ಪಿಸಿದೆ. ಶಾರದಾ ಪಕ್ಕದಲ್ಲೇ ನಿಂತು ಬೇರೆ ಏನೋ ಬೇಡಿಕೊಂಡಳು. ಏನು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಈರಣ್ಣ ಬಾನೆಟ್ ಎತ್ತಿ, "ಮಾಮಾರ, ಎಂಜಿನ್ನ ಮುಗಿದೈತಿ, ಬಿಟ್ಟ್ಬಿಡ್ರಿ" ಎನ್ನುತ್ತಲೇ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ. ಬಿಚ್ಚಿದ್ದೇ ತಡ, ಸೀನಿದ. ನಾನು ಸೀನಿದೆ. ಶಾರದಾ ಸೆರಗು ಮುಚ್ಚಿಕೊಂಡು ಸೀನಿದಳು. ಎದುರಿನ ಚಹಾದಂಗಡಿಯವನು ಸೀನುತ್ತ ಬಂದು ಏನಾತ್ರಿ ಎಂದು ಕೇಳಿದ. ಫಿಲ್ಟರು ಮದುವಣಗಿತ್ತಿಯ ಸೀರೆಯಷ್ಟು ಕೆಂಪಗಿತ್ತು. ನನ್ನ ಗಂಟು ಒಡೆದು, ಖಾರಪುಡಿಯನ್ನೆಲ್ಲ ಎಂಜಿನ್ನು ಆ ಕೊಳವೆಯಿಂದ ಎಳೆದುಕೊಂಡಿತ್ತು. ಗಾಳಿ ಸಿಗದೆ ಪೆಟ್ರೋಲು ಅರೆಬರೆ ಉರಿದು ಹೊಗೆ ಕಾರುತ್ತಿತ್ತು, ಅಷ್ಟೇ. ಹೊಸ ಫಿಲ್ಟರು ಹಾಕಿಸಿ ಹಾವೇರಿಗೆ ಓಡಿದೆವು. "ಪಾಸ್ ರಿ ಸರ" ಎಂದಾಗ ನಾನು ಆ ಹುಡುಗಿಗೆ ಪೇಢೆ ತಂದುಕೊಟ್ಟೆ. ದಾರಿಯುದ್ದಕ್ಕೂ ಕಾರಣವಿಲ್ಲದೆ ಹಾರ್ನ್ ಹೊಡೆದೆ.

ಗ್ಯಾರೇಜಿನಲ್ಲೇ ಕಣ್ಣಿಗೆ ಬಿದ್ದಿತ್ತೇನೋ, ಮನೆ ಮುಟ್ಟಿದ ಮೇಲೆ ಶಾರದಾ ತಾನೇ ಬಾನೆಟ್ ಎತ್ತಿಸಿ, ಮೂಲೆಯತ್ತ ಬೆರಳು ತೋರಿಸಿದಳು. ನನ್ನ ಗಂಟಿನ ಬಟ್ಟೆಯನ್ನೇ ಹಾಸಿಗೆ ಮಾಡಿಕೊಂಡು ಇಲಿಮರಿಗಳು ಹಾಯಾಗಿ ಮಲಗಿದ್ದವು. "ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ ಅಂತ ಇಲಿಗೂ ಗೊತ್ತೈತಿ. ಇನ್ನರ ನುಸಿಗುಳಿಗಿ ತರ್ರಿ" ಅಂದಳು.

ತರಲು ಹೋದೆ, ಖರೇ. ಆದರೆ ಅವಳ ಮಾತು ಗೆಲ್ಲುವುದೆಂದರೆ ಗಂಟಲಲ್ಲಿ ಇಳಿಯಲೊಲ್ಲದು. ಕಾಲು ತಾನಾಗಿ ಮೆಣಸಿನಕಾಯಿ ಅಂಗಡಿಗೆ ನಡೆಯಿತು. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಗುಂಟೂರು ಕಾಯಿ ಐತೇನ್ರಿ?" ಎಂದೆ. ಬ್ಯಾಡಗಿಯ ಪೇಟೆಯಲ್ಲಿ ನಿಂತು ಬ್ಯಾಡಗಿಯವನೇ ಖಾರ ಜಾಸ್ತಿ ಅಂತ ಹೊರಗಿನ ಕಾಯಿ ಕೇಳಬಹುದೇ? ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮನಿಗೇನ್ರಿ ಮಾಸ್ತರ?"

"ಅಲ್ರಿ, ಕಾರಿಗೆ."