ರುಫಿನಾಳ ರಕಾರ

ನೋಂದಣಿ ಕಚೇರಿಯ ಮೆಟ್ಟಿಲನ್ನು ಆ ದಿನ ಬೆಳಿಗ್ಗೆ ಯಾರೋ ಧಾರಾಳವಾಗಿ ಸೋಪು ಹಾಕಿ ತೊಳೆದಿದ್ದರು. ಟೈಪಿಸ್ಟ್ ರುಫಿನಾ ಅದರ ಮೇಲೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಆದದ್ದು ಇಷ್ಟೇ. ಉಳಿದದ್ದನ್ನೆಲ್ಲ ನಮ್ಮ ಸಾಂತಾ ಬ್ರಿಹಿದಾ ಊರು ಮಾಡಿತು.

ಗುಮಾಸ್ತ ಎವರಿಸ್ತೊ ಓಡಿ ಬಂದ. ನಲವತ್ತಾರರ ಬ್ರಹ್ಮಚಾರಿ, ಊರಿನವರ ಮದುವೆಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ದಫ್ತರಕ್ಕೆ ಏರಿಸುವವನು. ಎದುರು ಮೇಜಿನ ರುಫಿನಾಳ ಮೇಲೆ ಅವನಿಗೆ ಹನ್ನೊಂದು ವರ್ಷಗಳಿಂದ ಮನಸ್ಸಿತ್ತು. ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ "ಸ್ಟೇಪ್ಲರ್ ಇದೆಯಾ?" ಎಂಬುದೇ ಹೊರಬೀಳುತ್ತಿತ್ತು.

"ನಡೆಯೋಕೆ ಆಗುತ್ತಾ?" ಎಂದ.

"ಆಗಲ್ಲ ರೀ, ಜೀವ ಹೋಗ್ತಿದೆ."

ಎವರಿಸ್ತೊ ಅವಳನ್ನು ಮಗುವಿನ ಹಾಗೆ ಎತ್ತಿ ತನ್ನ ಸ್ಕೂಟರಿನ ಹಿಂದೆ ಕೂರಿಸಿ ಕಿಕ್ ಹೊಡೆದ. ರಸ್ತೆಯಾಚೆ ಬೇಕರಿಯ ಯಜಮಾನಿ ಎಂಗ್ರಾಸಿಯಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದಳು.

"ಏನೋ ಅದು, ಏನಾಯ್ತು ರುಫಿನಾಗೆ?"

ಸ್ಕೂಟರ್ ಕೆಮ್ಮುತ್ತಿತ್ತು. ರುಫಿನಾ ಮನೆಗೆ ಹೋಗುತ್ತಾಳೆ ಎಂದು ಎವರಿಸ್ತೊ ಕೂಗಿದ. ನಮ್ಮ ಸ್ಪ್ಯಾನಿಷಿನಲ್ಲಿ ಅದು ‘ಸೆ ಬಾ ಆ ಕಾಸಾ ರುಫಿನಾ’. ಆದರೆ ನಮ್ಮವರು ಯಾರೂ ಮಾತನ್ನು ಬಿಡಿಬಿಡಿಯಾಗಿ ಆಡುವವರಲ್ಲ. ಒಂದು ಪದದ ಬಾಲ ಮುಂದಿನದರ ತಲೆಗೆ ಅಂಟಿಕೊಂಡು, ಇಳಿಜಾರಿನಲ್ಲಿ ಚೆಲ್ಲಿದ ಕಿತ್ತಳೆಗಳ ಹಾಗೆ ಎಲ್ಲವೂ ಒಟ್ಟಿಗೇ ಉರುಳಿ ಬರುತ್ತವೆ. ಅವನ ಬಾಯಿಂದ ಹೊರಟದ್ದು ‘ಸೆಬಾಕಾಸಾರ್ರುಫಿನಾ’. ಕಾಸಾ ಎಂದರೆ ಮನೆ. ಕಾಸಾರ್ ಎಂದರೆ ಮದುವೆಯಾಗುವುದು. ನಡುವಿನ ರಕಾರ ರುಫಿನಾಳದೋ ಮದುವೆಯದೋ ಎಂಬುದನ್ನು ಕೇಳುವ ಕಿವಿಯೇ ತೀರ್ಮಾನಿಸಬೇಕು. ಎಂಗ್ರಾಸಿಯಾಳ ಕಿವಿ ಎಂದಿಗೂ ಮದುವೆಯ ಪಕ್ಷ.

"ಯಾರ ಜೊತೆಗೋ?" ಎಂದು ಕಿರುಚಿದಳು.

"ನನ್ನ ಜೊತೆಗೇ! ಇನ್ಯಾರಿದ್ದಾರೆ ಇಲ್ಲಿ?"

ಸ್ಕೂಟರ್ ಹೊರಟುಹೋಯಿತು. ಎಂಗ್ರಾಸಿಯಾಳ ಒಲೆಯಲ್ಲಿದ್ದ ಬ್ರೆಡ್ಡು ಆ ದಿನ ಕರಟಿಹೋಯಿತು.

ರುಫಿನಾಳನ್ನು ಮನೆಗೆ ಮುಟ್ಟಿಸಿ ಎವರಿಸ್ತೊ ಹಿಂತಿರುಗುವಾಗ ಕ್ಷೌರದ ನಿಕಾನೊರ್ ರಸ್ತೆಗೇ ಅಡ್ಡ ನಿಂತ.

"ಕೊನೆಗೂ ಧೈರ್ಯ ಮಾಡಿದೆಯಲ್ಲೋ ಹುಲಿ! ಎಲ್ಲಿ ಆಯ್ತಪ್ಪ ಇದೆಲ್ಲಾ?"

"ಮೆಟ್ಟಿಲ ಮೇಲೆ."

"ಮೆಟ್ಟಿಲ ಮೇಲೇನಾ! ಅವಳು ತಕ್ಷಣ ಒಪ್ಪಿದಳಾ?"

"ಒಪ್ಪದೆ ಏನ್ಮಾಡ್ತಾಳೆ? ನೆಲದ ಮೇಲೆ ಬಿದ್ದಿದ್ಳು. ನಾನೇ ಎತ್ಕೊಂಡೆ."

ನಿಕಾನೊರ್ ಭಕ್ತಿಯಿಂದ ಟೋಪಿ ತೆಗೆದ. ಒಂದು ಉಳುಕಿಗೆ ಇಷ್ಟೊಂದು ಮರ್ಯಾದೆಯೇ ಎಂದು ಎವರಿಸ್ತೊಗೆ ಆಶ್ಚರ್ಯವಾಯಿತು. ಕಚೇರಿ ತಲುಪುವಷ್ಟರಲ್ಲಿ ಅವನ ಬೆನ್ನಿಗೆ ಎಂಟು ಗುದ್ದು ಬಿದ್ದಿದ್ದವು. ಅಂಗಿಯ ಜೇಬಿನಲ್ಲಿ ಯಾರೋ ಸಿಕ್ಕಿಸಿದ ಚೆಂಡುಹೂವಿತ್ತು. ಅವನ ಕುರ್ಚಿಯಲ್ಲಿ ಮಾತ್ರ ರುಫಿನಾಳ ಅಣ್ಣ, ಕಟುಕ ಬಾಲ್ದೊಮೆರೊ ಕೂತಿದ್ದ. ಏಪ್ರನ್ನಿನ ತುಂಬ ರಕ್ತ.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಟೈಮ್ ಎಲ್ಲಿತ್ತು ಬಾಲ್ದೊಮೆರೊ? ಕಾಲು ಊದ್ತಾ ಇತ್ತು."

"ಕಾಲು ಊದಿದ್ರೆ ಮದುವೆ ಆಗ್ತಾರೇನಯ್ಯಾ?"

ಆಗ ಎವರಿಸ್ತೊಗೆ ವಿಷಯ ಹೊಳೆಯಿತು. "ಅಯ್ಯೋ, ಮದುವೆ ಅನ್ಲೇ ಇಲ್ಲ! ಮನೆ ಅಂದಿದ್ದು! ಸೆ ಬಾ. ಆ. ಕಾಸಾ. ರುಫಿನಾ."

"ಪದಪದಕ್ಕೂ ನಿಲ್ತಿದೀಯಾ. ಸುಳ್ಳು ಹೇಳೋರು ಮಾತ್ರ ಹಾಗೆ ಮಾತಾಡೋದು." ಬಾಲ್ದೊಮೆರೊ ಎದ್ದ. ಅವನೊಂದಿಗೆ ಕುರ್ಚಿಯೂ ಎದ್ದಿತು. ಅದನ್ನು ಬಿಡಿಸಿ ಇಟ್ಟ. "ನಡುರಸ್ತೇಲಿ ನನ್ನ ತಂಗಿನ ಎತ್ಕೊಂಡು ಹೋದೆ. ಊರೆಲ್ಲಾ ನೋಡ್ತು. ಈಗ ಇಲ್ಲ ಅಂತೀಯಾ? ಏನು ಕಡಿಮೆ ಆಗಿದೆ ಅವಳಿಗೆ?"

"ಏನೂ ಕಡಿಮೆ ಇಲ್ಲ! ಅವಳಂಥೋರು ಇಡೀ ಜಿಲ್ಲೇಲಿ ಇಲ್ಲ!"

ಅದು ಹನ್ನೊಂದು ವರ್ಷದ ಸತ್ಯ. ಸ್ಟೇಪ್ಲರಿನ ತಡೆಯಿಲ್ಲದೆ ಹೊರಬಿತ್ತು. ಬಾಲ್ದೊಮೆರೊನ ಮುಖ ಸಡಿಲಾಯಿತು.

"ಹಾಗೆ ಹೇಳು ಮತ್ತೆ. ದೊಡ್ಡ ಹಂದಿ ಕಡಿದಾಗಿದೆ. ಸಂಜೆ ಐದಕ್ಕೆ ಬ್ಯಾಂಡ್ ತಗೊಂಡು ಬಂದು ಅವಳ ಬಾಗಿಲಲ್ಲಿ ಕ್ರಮವಾಗಿ ಕೇಳು."

ಮಧ್ಯಾಹ್ನವೆಲ್ಲ ಎವರಿಸ್ತೊ ಮರಣಪತ್ರಗಳ ಮೇಲೆ ಜನನದ ಮೊಹರು ಒತ್ತುತ್ತ ಕೂತ. ನಿಜ ಹೇಳಿದರೆ ಕಟುಕನಿಗೆ ಅವಮಾನ, ಸುಮ್ಮನಿದ್ದರೆ ರುಫಿನಾಳಿಗೆ ಮೋಸ. ಆದರೆ ಮೂರು ಗಂಟೆಯ ಹೊತ್ತಿಗೆ ಬೇರೊಂದು ಯೋಚನೆ ಬಂತು: ತನ್ನಿಂದ ಈ ಜನ್ಮದಲ್ಲಿ ಆಗದ ಕೆಲಸವನ್ನು ಊರು ಅರ್ಧ ದಿನದಲ್ಲಿ ಮುಕ್ಕಾಲುಪಾಲು ಮುಗಿಸಿಕೊಟ್ಟಿದೆ. ಉಳಿದ ಕಾಲುಭಾಗವನ್ನಾದರೂ ತಾನು ಮಾಡಬಾರದೇ? ಹಾದಿಯಲ್ಲಿ ಕ್ಷೌರ ಮಾಡಿಸಿಕೊಂಡು ಹೋದ.

ಐದು ಗಂಟೆಗೆ ರುಫಿನಾಳ ಮನೆಮುಂದೆ ನಿಲ್ಲಲು ಜಾಗವಿರಲಿಲ್ಲ. ಎಂಗ್ರಾಸಿಯಾ ಒಂದು ತಟ್ಟೆ ಸಿಹಿ ಬ್ರೆಡ್ಡಿನೊಂದಿಗೆ ಮೊದಲ ಸಾಲಿನಲ್ಲಿದ್ದಳು. ಊರ ಬ್ಯಾಂಡಿನವರು ಆರು ಜನ ತುತ್ತೂರಿ, ಡೋಲು ಮತ್ತು ಟ್ಯೂಬಾ ಎಂಬ ದೊಡ್ಡ ಕಹಳೆಯೊಂದಿಗೆ ಪ್ರೀತಿಯ ಹಾಡು ಶುರುಮಾಡಿದರು. ಟ್ಯೂಬಾದವನ ಸ್ವರ ಮಾತ್ರ ಯಾಕೋ ಪದೇ ಪದೇ ಕುಸಿಯುತ್ತಿತ್ತು.

ಕಾಲಿಗೆ ಪಟ್ಟಿ ಸುತ್ತಿಕೊಂಡ ರುಫಿನಾ ಕುಂಟುತ್ತ ಬಾಗಿಲಿಗೆ ಬಂದು, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು. "ಇದೇನು ಇಷ್ಟೊಂದು ಜನ? ಉಳುಕಿದೆ ಅಷ್ಟೇ, ನಾನೇನು ಸಾಯ್ತಿಲ್ಲ!"

ಬ್ಯಾಂಡು ನಿಂತಿತು. ಎವರಿಸ್ತೊ ಮುಂದೆ ಬಂದ. ಇನ್ನೊಂದು ತಪ್ಪು ಆಗಬಾರದೆಂದು ಒಂದೊಂದು ಪದವನ್ನೂ ಬೇರೆಬೇರೆಯಾಗಿ, ಮೊಟ್ಟೆ ಇಟ್ಟ ಹಾಗೆ ಇಟ್ಟ.

"ರುಫಿನಾ. ನಾನು. ನಿಮ್ಮನ್ನ. ಮದುವೆ. ಆಗ್ಬೇಕು. ಅಂತಿದೀನಿ."

ಅವನ ಬದುಕಿನಲ್ಲಿ ಅವನ ಮಾತು ಎಲ್ಲರಿಗೂ ಸರಿಯಾಗಿ ಕೇಳಿಸಿದ್ದು ಅದೊಂದೇ ಸಲ.

ರುಫಿನಾ ಬಾಗಿಲ ಚೌಕಟ್ಟು ಹಿಡಿದು ನೆಟ್ಟಗೆ ನಿಂತಳು. "ಎವರಿಸ್ತೊ, ನಿಮ್ಮಂಥ ಒಳ್ಳೇರು ಇಲ್ಲ. ಮೊದಲೇ ಯಾಕೆ ಹೇಳ್ಲಿಲ್ಲ ನೀವು?" ಆಮೇಲೆ ಅಣ್ಣನ ಕಡೆ ತಿರುಗಿದಳು. "ಅಣ್ಣಾ, ‘ರುಫಿನಾ ಮದುವೆ’ ಅಂತ ಬೀದೀಲಿ ಕೂಗಾಡ್ತಿದ್ದದ್ದು ಕೇಳಿ, ನಿನಗೆ ವಿಷಯ ಗೊತ್ತಾಗಿಹೋಗಿದೆ ಅಂತ ಮಧ್ಯಾಹ್ನದಿಂದ ನಡುಗ್ತಾ ಕೂತಿದೀನಿ. ಹೌದು, ನಾನು ಮದುವೆ ಆಗ್ತಿದೀನಿ. ಎರಡು ವರ್ಷದಿಂದ ಮಾತಾಗಿದೆ. ಸಿಲ್ವಿನೊ ಜೊತೆ."

ಟ್ಯೂಬಾದವನು ಸಂಗೀತವಿಲ್ಲದೆಯೇ ಒಂದು ದೊಡ್ಡ ಸ್ವರ ಬಿಟ್ಟ.

ಜನರೆಲ್ಲ ಬಾಲ್ದೊಮೆರೊನ ಕೈ ನೋಡಿದರು. ವಾದ್ಯದವರಿಗೆ ತಂಗಿಯನ್ನು ಕೊಡುವುದಿಲ್ಲವೆಂದು ಅವನು ಹಿಂದೆ ಚರ್ಚಿನ ಮುಂದೆಯೇ ಸಾರಿದ್ದ. ಈಗ ಎವರಿಸ್ತೊನನ್ನು ನೋಡಿದ, ಸಿಲ್ವಿನೊನನ್ನು ನೋಡಿದ, ಅಂಗಳದಲ್ಲಿ ಕುದಿಯುತ್ತಿದ್ದ ಹಂಡೆಯನ್ನು ನೋಡಿದ.

"ಹಂದಿ ಸತ್ತಾಗಿದೆ, ನೂರು ಜನ ಬಂದಾಗಿದೆ," ಎಂದ ಭಾರವಾದ ದನಿಯಲ್ಲಿ. "ಇವತ್ತು ಯಾರಾದ್ರೂ ಒಬ್ಬ ನನಗೆ ಭಾವಮೈದ ಆಗ್ಲೇಬೇಕು. ಬಾರೋ, ಸಿಲ್ವಿನೊ."

ಚಪ್ಪಾಳೆ ಬಿತ್ತು. ಎಂಗ್ರಾಸಿಯಾ ತಟ್ಟೆಯನ್ನು ಎವರಿಸ್ತೊನ ಮುಂದೆ ಹಿಡಿದಳು.

"ಮದುವೆ ಅಂದಿದ್ದು ನನಗೆ ಸರಿಯಾಗೇ ಕೇಳಿಸಿತ್ತು, ನೋಡಪ್ಪ," ಎಂದಳು ಸಮಾಧಾನದಿಂದ. "‘ನನ್ನ ಜೊತೆಗೆ’ ಅಂದ್ಯಲ್ಲ, ಅದೊಂದು ನೀನೇ ತಪ್ಪು ಹೇಳಿದ್ದು."

ಅವನು ಉತ್ತರಿಸುವ ಮೊದಲೇ ಸಿಲ್ವಿನೊ ಜನರನ್ನು ಸೀಳಿಕೊಂಡು ಬಂದು, ಹಸುವಿನ ತೂಕದ ಟ್ಯೂಬಾವನ್ನು ಅವನ ತೋಳಿಗೆ ಹೇರಿ, "ಒಂದು ನಿಮಿಷ ಹಿಡ್ಕೊಂಡಿರಿ," ಎಂದು ರುಫಿನಾಳ ಕಡೆ ಓಡಿದ.

ಎವರಿಸ್ತೊ ಊಟ ಮುಗಿಯುವವರೆಗೂ ಹಿಡಿದುಕೊಂಡೇ ಇದ್ದ.